ಕಾಪು ಲೈಟ್‌ಹೌಸ್‌ಗೆ ಅತ್ತೆ, ಮಗನ ಜೊತೆ ಹೋಗ್ತಾ ಇದ್ದೇವೆ, ತಿಳಿದವರು ಸ್ವಲ್ಪ ಹೇಳಿ

ಹಾಸನದ_ಹುಡುಗಿ

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಹಾಸನದಿಂದ ಉಡುಪಿ ಕಡೆಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಅತ್ತೆ, ಐದನೇ ಕ್ಲಾಸಿನ ಮಗ. ಶಿರಾಡಿ ಘಾಟಿ ಇಳಿದು ಮಂಗಳೂರು ಮೇಲೆ ಕಾರಿನಲ್ಲೇ ಬರ್ತೇವೆ.

ಮಗನಿಗೆ ಶಾಲೆಯಲ್ಲಿ ಲೈಟ್‌ಹೌಸ್ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. ಥರ್ಮಾಕೋಲಿನಲ್ಲಿ ಒಂದು ಮಾಡಿದ. ಅದು ಮುಗಿದ ಮೇಲೆ ಹುಚ್ಚು ಇಳಿಯುತ್ತೆ ಅಂದುಕೊಂಡ್ರೆ ಇನ್ನೂ ಜಾಸ್ತಿಯಾಗಿದೆ. ಈಗ ನಿಜವಾದ ಲೈಟ್‌ಹೌಸ್ ಹತ್ತಲೇಬೇಕಂತೆ. ದೇವಸ್ಥಾನ, ಬೀಚು, ಐಸ್‌ಕ್ರೀಮು ಯಾವುದೂ ಬೇಡವಂತೆ. ಅತ್ತೆಗೆ ಉಡುಪಿ ಕೃಷ್ಣನ ದರ್ಶನ, ಕಾಪು ಮಾರಿಗುಡಿ ಎರಡೂ ಆಗಬೇಕು. ಹಾಗಾಗಿ ಕಾಪು ಅಂತ ತೀರ್ಮಾನ ಮಾಡಿದೆವು.

ನನ್ನ ಪ್ರಶ್ನೆಗಳು: ಒಳಗೆ ಹತ್ತೋಕೆ ಬಿಡ್ತಾರಾ, ಎಷ್ಟು ಹೊತ್ತಿಗೆ? ಅತ್ತೆಗೆ 68, ಮಂಡಿ ನೋವಿದೆ, ಅವರಿಗೆ ಆಗುತ್ತಾ? ಮಗನನ್ನು ಕರೆದುಕೊಂಡು ಹೋಗೋಕೆ ಭಯ ಇಲ್ವಾ? ಇನ್ನೊಂದು, ನಮ್ಮ ಯಜಮಾನರು 'ಹತ್ತಿ ಇಳಿಯೋಕೆ ಹತ್ತು ನಿಮಿಷ, ಅದಕ್ಕಾಗಿ ಅಷ್ಟು ದೂರ ಹೋಗಬೇಕಾ' ಅಂತಿದ್ದಾರೆ. ಅವರಿಗೆ ಉತ್ತರ ಕೊಡುವಂಥದ್ದು ಏನಾದ್ರೂ ಇದ್ರೆ ಅದನ್ನೂ ಹೇಳಿ.

ಬುಲೆಟ್_ಬಸಣ್ಣ

ನಿಮ್ಮ ಯಜಮಾನರು ಹೇಳಿದ್ದು ಸರಿ ಇದೆ ಮೇಡಂ. ಕ್ಯೂನಲ್ಲಿ ನಿಂತು, ಬೆವರು ಸುರಿಸಿ ಹತ್ತಿ, ಮೇಲೆ ನಾಲ್ಕು ಸೆಲ್ಫಿ ತೆಗೆದು ಇಳಿಯೋದು. ಅಷ್ಟೇ. ಭಾನುವಾರವಂತೂ ಹೋಗಲೇಬೇಡಿ. ಮಲ್ಪೆಗೆ ಹೋಗಿ ದೋಣಿ ಹಿಡಿದು ಸೇಂಟ್ ಮೇರೀಸ್ ದ್ವೀಪ ನೋಡಿ. ಕಲ್ಲಿನ ಕಂಬಗಳು ನೋಡೋ ಹಾಗಿವೆ, ಮಗನಿಗೂ ಖುಷಿಯಾಗುತ್ತೆ.

ಪಡುಗಾಳಿ_ಕಾಪು

ಮೇಡಂ, ನಾನು ಕಾಪುವಿನವನೇ. ಬಹಳ ವರ್ಷ ಸರಕು ಹಡಗಿನಲ್ಲಿ ಸೀಮನ್ ಆಗಿದ್ದೆ, ಈಗ ಮನೆಯಲ್ಲೇ ಇದ್ದೇನೆ. ಈ ಲೈಟ್‌ಹೌಸನ್ನು ದಡದಿಂದಲೂ ನೋಡಿದ್ದೇನೆ, ಕಡಲಿನಿಂದಲೂ ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ನಿಮಗೆ ಬೇಕಾದದ್ದು. ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಬರುವಾಗ ಸುರತ್ಕಲ್, ಮೂಲ್ಕಿ, ಪಡುಬಿದ್ರಿ ದಾಟಿದ ಮೇಲೆ ಕಾಪು. ಪೇಟೆಯಲ್ಲಿ ಎಡಕ್ಕೆ, ಅಂದರೆ ಪಡುವಣಕ್ಕೆ ತಿರುಗಿದರೆ ಬೀಚ್ ಹತ್ತಿರವೇ. ಗೋಪುರದ ಮೇಲೆ ಹತ್ತಲು ಬಿಡುವುದು ಸಾಮಾನ್ಯವಾಗಿ ಸಂಜೆ ಮಾತ್ರ, ನಾಲ್ಕು ಗಂಟೆಯ ನಂತರ. ಕತ್ತಲಾಗುವ ಮೊದಲೇ ಟಿಕೆಟ್ ನಿಲ್ಲಿಸುತ್ತಾರೆ. ಸಮಯ ಆಗಾಗ ಬದಲಾಗುವುದುಂಟು. ಅದಕ್ಕೆ ಬೆಳಿಗ್ಗೆ ಮಾರಿಗುಡಿಗೆ ಬಂದಾಗಲೇ ಬೀಚಿನ ಅಂಗಡಿಯವರನ್ನು ಒಂದು ಮಾತು ಕೇಳಿಬಿಡಿ. ಟಿಕೆಟ್ ಏನೂ ದುಬಾರಿ ಅಲ್ಲ, ಚಿಲ್ಲರೆ ಇಟ್ಟುಕೊಂಡರೆ ಸಾಕು.

ಅತ್ತೆಯವರ ವಿಷಯ. ಲೈಟ್‌ಹೌಸ್ ಇರುವುದು ಮರಳಿನ ಮೇಲಲ್ಲ, ಕಡಲಿಗೆ ಅಂಟಿಕೊಂಡ ದೊಡ್ಡ ಪಾದೆಯ, ಅಂದರೆ ಬಂಡೆಯ ಮೇಲೆ. ಪಾದೆ ಹತ್ತಲು ಮೆಟ್ಟಿಲುಗಳಿವೆ. ಅಷ್ಟನ್ನು ನಿಧಾನಕ್ಕೆ, ನಿಮ್ಮ ಕೈ ಹಿಡಿದುಕೊಂಡು ಹತ್ತಬಹುದೇನೋ. ಆದರೆ ಗೋಪುರದ ಒಳಗೆ ಬೇಡವೇ ಬೇಡ. ಗೋಡೆಗೆ ಸುತ್ತಿಕೊಂಡು ಹೋಗುವ ಇಕ್ಕಟ್ಟಾದ ಮೆಟ್ಟಿಲು. ಮೇಲೆ ಕೊನೆಗೆ ಕಡಿದಾದ ಏಣಿ. ಮಂಡಿ ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ನಡುವೆ ನಿಂತುಬಿಟ್ಟರೆ ಹಿಂದಿನವರೂ ನಿಲ್ಲಬೇಕು. ಅವರನ್ನು ಕೆಳಗೆ ಮರಳಿನಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿ, ಕೈಗೊಂದು ಎಳನೀರು ಕೊಡಿ. ಕಡಲು ಎದುರಿಗೇ ಉಂಟು, ಅವರಿಗೆ ಏನೂ ಕಡಿಮೆಯಾಗುವುದಿಲ್ಲ.

ಮಗನಿಗೆ ಭಯ ಇಲ್ಲ. ಏಣಿಯಲ್ಲಿ ಅಪ್ಪ ಹಿಂದೆ ಇರಲಿ, ಮಗ ಮುಂದೆ ಹೋಗಲಿ. ಇಳಿಯುವಾಗ ಅಪ್ಪ ಮೊದಲು. ಚಪ್ಪಲಿ ಹಿಂದೆ ಪಟ್ಟಿ ಇರುವಂಥದ್ದು ಹಾಕಿಸಿ, ಹವಾಯಿ ಚಪ್ಪಲಿ ಏಣಿಯಲ್ಲಿ ಜಾರುತ್ತದೆ. ಮೇಲೆ ಸುತ್ತು ಜಗಲಿಯಲ್ಲಿ ಗಾಳಿ ಜೋರು, ಟೋಪಿ, ಕನ್ನಡಕ ಜೋಪಾನ. ನನಗೆ ಭಯ ಇರುವುದು ಗೋಪುರದ ಬಗ್ಗೆ ಅಲ್ಲ, ಕೆಳಗಿನ ಪಾದೆಗಳ ಬಗ್ಗೆ. ಅಲೆ ಬಡಿದು ಪಾಚಿ ಕಟ್ಟಿದ ಕಲ್ಲು. ಫೋಟೋಗೆ ಅಂತ ಅದರ ಅಂಚಿಗೆ ಹೋಗುವವರು ಬಹಳ. ಐದಾರು ಅಲೆ ಸಣ್ಣದು ಬರುತ್ತದೆ, ಅಷ್ಟರಲ್ಲಿ ಒಂದು ದೊಡ್ಡದು ಬರುತ್ತದೆ. ಅದು ಹೇಳಿ ಬರುವುದಿಲ್ಲ ಮಾರಾಯ್ರೆ. ಒದ್ದೆಯಾಗಿ ಕಪ್ಪಗೆ ಕಾಣುವ ಕಲ್ಲಿನ ಮೇಲೆ ಕಾಲಿಡಬೇಡಿ. ಒಣಗಿ ಬೆಳ್ಳಗಿರುವ ಕಡೆಯೇ ನಿಲ್ಲಿ. ಲೈಫ್‌ಗಾರ್ಡ್ ಸೀಟಿ ಹೊಡೆದರೆ ವಾದ ಮಾಡಬೇಡಿ.

ಈಗ ನಿಮ್ಮ ಯಜಮಾನರ ಪ್ರಶ್ನೆ. ಬಸಣ್ಣನವರಿಗೂ ಇದೇ ಉತ್ತರ. ಹತ್ತಿ ಇಳಿದು ಹೋಗುವುದಾದರೆ ನಿಜ, ಹತ್ತು ನಿಮಿಷದ ಕೆಲಸ. ಲೈಟ್‌ಹೌಸ್ ನೋಡಲು ಬಂದವರಲ್ಲಿ ಮುಕ್ಕಾಲು ಪಾಲು ಜನ ಅದರ ಲೈಟನ್ನೇ ನೋಡದೆ ಹೋಗುತ್ತಾರೆ. ಸೂರ್ಯ ಮುಳುಗಿದ ಕೂಡಲೇ ಕಾರು ಹತ್ತಿ ಹೊರಟುಬಿಡುತ್ತಾರೆ. ಅದು ಕೆಲಸ ಶುರು ಮಾಡುವುದೇ ಆಗ! ನಾಟಕದ ಪರದೆ ಏಳುವಾಗ ಎದ್ದು ಹೋದ ಹಾಗೆ. ದಸರಾ ಹೊತ್ತಿಗೆ ನಮ್ಮಲ್ಲಿ ಆರೂಕಾಲರ ಆಸುಪಾಸಿಗೆ ಸೂರ್ಯಾಸ್ತ. ಅದಾದ ಮೇಲೆ ಒಂದು ಅರ್ಧ ಗಂಟೆ, ಮುಕ್ಕಾಲು ಗಂಟೆ ಇರಿ. ನಿಮ್ಮ ಹುಡುಗನಿಗೆ ಬೇಕಾದದ್ದು ಅಲ್ಲಿ ಸಿಗುತ್ತದೆ.

ಯಾಕೆ ಅಂತ ಹೇಳುತ್ತೇನೆ.

ಹಡಗಿನಲ್ಲಿ ನನಗೆ ಬ್ರಿಡ್ಜ್ ಮೇಲೆ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯಲ್ಲಿ, ಲುಕ್‌ಔಟ್ ಡ್ಯೂಟಿ ಇರುತ್ತಿತ್ತು. ಕತ್ತಲಲ್ಲಿ ನಿಂತು ಕಣ್ಣು ಬಿಟ್ಟುಕೊಂಡು ನೋಡುವುದೇ ಕೆಲಸ. ಏನು ಕಂಡರೂ ಆಫೀಸರಿಗೆ ಹೇಳಬೇಕು. ಮುಂಬೈ ಕಡೆಯಿಂದ ತೆಂಕಣಕ್ಕೆ ಬರುವಾಗ ದಡ ಎಡಗಡೆಗೆ, ನಮ್ಮ ಭಾಷೆಯಲ್ಲಿ ಪೋರ್ಟ್ ಸೈಡಿಗೆ. ದೂರದ ಲೈಟ್‌ಹೌಸ್ ಮೊದಲು ದೀಪವಾಗಿ ಕಾಣುವುದೇ ಇಲ್ಲ. ಕಡಲಿನ ಅಂಚಿನಾಚೆ ಆಕಾಶಕ್ಕೆ ಒಂದು ಬಿಳಿ ಮಬ್ಬು ಬೀಸಿ ಹೋಗುತ್ತದೆ. ಇದಕ್ಕೆ ಲೂಮ್ ಅನ್ನುತ್ತಾರೆ. ದೀಪ ಇನ್ನೂ ಭೂಮಿಯ ಬಾಗಿನ ಕೆಳಗೇ ಇರುತ್ತದೆ, ಅದರ ಬೆಳಕು ಮಾತ್ರ ಮೇಲೆ ಹೊಡೆಯುತ್ತದೆ. ಇನ್ನಷ್ಟು ಹತ್ತಿರ ಬಂದ ಮೇಲೆ ಥಟ್ಟಂತ ದೀಪವೇ ಮೇಲೇಳುತ್ತದೆ.

ಕಂಡರೆ ಮುಗಿಯಲಿಲ್ಲ. ಇದು ಯಾವ ಊರಿನ ದೀಪ? ಕತ್ತಲಲ್ಲಿ ಎಲ್ಲ ದೀಪವೂ ಒಂದೇ ಅಲ್ವಾ? ಅದಕ್ಕೇ ಪ್ರತಿಯೊಂದು ಲೈಟ್‌ಹೌಸಿಗೂ ಅದರದ್ದೇ ಆದ ಮಿನುಗು ಕೊಟ್ಟಿರುತ್ತಾರೆ. ಒಂದು ಹತ್ತು ಸೆಕೆಂಡಿಗೊಮ್ಮೆ ಒಂದು ಸಲ ಮಿನುಗಿದರೆ, ಅಕ್ಕಪಕ್ಕದ್ದು ಇಪ್ಪತ್ತು ಸೆಕೆಂಡಿನಲ್ಲಿ ಮೂರು ಸಲ ಮಿನುಗಿ ಸುಮ್ಮನಾಗಬಹುದು. ಇದನ್ನು ಆ ಲೈಟಿನ ಕ್ಯಾರೆಕ್ಟರ್ ಅನ್ನುತ್ತಾರೆ. ನಕ್ಷೆಯಲ್ಲಿ ಲೈಟ್‌ಹೌಸ್ ಗುರುತಿನ ಪಕ್ಕದಲ್ಲಿ ಚಿಕ್ಕದಾಗಿ ಬರೆದಿರುತ್ತದೆ. 'ಎಫ್‌ಎಲ್ (3) 20ಎಸ್' ಅಂತ ಇದ್ದರೆ, ಇಪ್ಪತ್ತು ಸೆಕೆಂಡಿನ ಸುತ್ತಿನಲ್ಲಿ ಮೂರು ಮಿನುಗು. ಆಫೀಸರು ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಾರೆ. ಒಂದು ಸುತ್ತಿಗೆ ನಂಬುವುದಿಲ್ಲ, ಮತ್ತೆ ಮತ್ತೆ ಅಳೆದು ನೋಡುತ್ತಾರೆ. ನಕ್ಷೆಗೂ ಗಡಿಯಾರಕ್ಕೂ ತಾಳೆ ಬಿದ್ದರೆ ನಾವು ಎಲ್ಲಿದ್ದೇವೆ ಅಂತ ಗೊತ್ತಾದ ಹಾಗೆ.

ನಿಮ್ಮ ಮಗನಿಗೆ ಇದೇ ಕೆಲಸ ಕೊಡಿ. ಒಂದು ನೋಟ್‌ಬುಕ್, ಪೆನ್ನು, ಸ್ಟಾಪ್‌ವಾಚ್ ಇರುವ ಫೋನು. ಒಂದು ಸುತ್ತಿಗೆ ಎಷ್ಟು ಮಿನುಗು, ನಡುವೆ ಎಷ್ಟು ಸೆಕೆಂಡು ಕತ್ತಲೆ, ಎಲ್ಲ ಅವನೇ ಬರೆದುಕೊಳ್ಳಲಿ. ಉತ್ತರ ನಾನು ಇಲ್ಲಿ ಹೇಳುವುದಿಲ್ಲ, ಬೇಕಂತಲೇ. ಗೂಗಲ್ ಮಾಡೋಕೂ ಬಿಡಬೇಡಿ.

ಗೋಪುರದ ಬುಡದಲ್ಲಿ ನಿಂತು ಮಾತ್ರ ಎಣಿಸಬೇಡಿ. ಬೆಳಕಿನ ಕಂಬ ನಿಮ್ಮ ತಲೆಯ ಮೇಲಿಂದ ಹೊರಟು ಕಡಲಿಗೆ ಹೋಗುತ್ತದೆ, ನಿಮಗೆ ಸರಿಯಾಗಿ ಕಾಣುವುದಿಲ್ಲ. ಅದನ್ನು ಮಾಡಿರುವುದು ದೂರದ ಹಡಗಿಗೆ, ಕೆಳಗೆ ಚರುಮುರಿ ತಿನ್ನುವವರಿಗಲ್ಲ. ಮರಳಿನಲ್ಲೇ ಒಂದೆರಡು ಫರ್ಲಾಂಗು ದೂರ ನಡೆದು ಹಿಂದೆ ತಿರುಗಿ ನೋಡಿ.

ಹಾಸನದ_ಹುಡುಗಿ

ಅಣ್ಣಾ, ತುಂಬಾ ಥ್ಯಾಂಕ್ಸ್! ಮಗನಿಗೆ ಓದಿ ಹೇಳಿದೆ. 'ಗೂಗಲ್ ಮಾಡಬಾರದು' ಅಂದಿದ್ದಕ್ಕೆ ಮುಖ ಊದಿಸಿಕೊಂಡ, ಆಮೇಲೆ ನೋಟ್‌ಬುಕ್ಕಿಗೆ ಬೈಂಡ್ ಹಾಕಿ ಹೆಸರು ಬರೆದಿಟ್ಟಿದ್ದಾನೆ. ಅವನದ್ದು ಮೂರು ಪ್ರಶ್ನೆ, ನಾನು ಬರೀ ಟೈಪ್ ಮಾಡ್ತಾ ಇದ್ದೇನೆ. 1) ಕರೆಂಟ್ ಇಲ್ಲದ ಕಾಲದಲ್ಲಿ ದೀಪ ಹೇಗೆ ಉರಿಸ್ತಿದ್ರು? 2) ಮೇಲಿಂದ ಎಷ್ಟು ದೂರ ಕಾಣುತ್ತೆ? 3) ಈಗ ಜಿಪಿಎಸ್ ಇರುವಾಗ ಲೈಟ್‌ಹೌಸ್ ಯಾಕೆ ಬೇಕು? ಮೂರನೆಯದು ಅವರಪ್ಪ ಹೇಳಿಕೊಟ್ಟಿದ್ದು, ನನಗೆ ಗೊತ್ತು.

ಮದ್ರಾಸ್_ಕನ್ನಡಿಗ

ನಡುವೆ ಬಾಯಿ ಹಾಕ್ತೇನೆ. ಅತ್ತೆಯವರಿಗೂ ಮೇಲೆ ಹೋಗೋ ಆಸೆ ಇದ್ರೆ ಮುಂದೆ ಯಾವಾಗಾದ್ರೂ ಚೆನ್ನೈಗೆ ಕರ್ಕೊಂಡು ಬನ್ನಿ. ಇಲ್ಲಿ ಮರೀನಾ ಬೀಚಿನ ಲೈಟ್‌ಹೌಸಿಗೆ ಲಿಫ್ಟ್ ಇದೆ. ಆದ್ರೆ ಅದು ಹೊಸ ಕಾಲದ ಕಟ್ಟಡ, ಹಳೆಯದರ ಗಮ್ಮತ್ತು ಇಲ್ಲ. ಮಗನಿಗೆ ಮಹಾಬಲಿಪುರಂ ತೋರಿಸಿ. ಅಲ್ಲಿ ಬಂಡೆಯ ಮೇಲೆ ಬ್ರಿಟಿಷರ ಕಾಲದ ಕಲ್ಲಿನ ಲೈಟ್‌ಹೌಸ್, ಪಕ್ಕದಲ್ಲೇ ಪಲ್ಲವರ ಕಾಲದ ಗುಡಿ. ಈ ಕಲ್ಲಿನದ್ದು ಕಟ್ಟುವ ಮುಂಚೆ ಆ ಗುಡಿಯ ಮಾಡಿನ ಮೇಲೇ ದೀಪ ಇಡ್ತಿದ್ರಂತೆ. ಎರಡೂ ಒಂದೇ ಫೋಟೋದಲ್ಲಿ ಬರುತ್ತೆ.

ಪಡುಗಾಳಿ_ಕಾಪು

ಹುಡುಗನ ಪ್ರಶ್ನೆ ಒಳ್ಳೆಯದುಂಟು. ಅಪ್ಪನ ಪ್ರಶ್ನೆಯೂ ಪರವಾಗಿಲ್ಲ.

ನಮ್ಮ ಲೈಟ್‌ಹೌಸ್ ಕಟ್ಟಿದ್ದು 1901ರಲ್ಲಿ. ಆಗ ಕಾಪು ಇದ್ದದ್ದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಗೋಪುರದ ಎತ್ತರ ಸುಮಾರು 27 ಮೀಟರ್, ಕಪ್ಪು ಬಿಳಿ ಪಟ್ಟೆ. ಪಟ್ಟೆ ಚಂದಕ್ಕೆ ಬಳಿದದ್ದಲ್ಲ. ಹಗಲು ದೀಪ ಕಾಣುವುದಿಲ್ಲವಲ್ಲ, ಆಗ ಬಣ್ಣದಿಂದಲೇ ಗುರುತು ಹಿಡಿಯಬೇಕು. ಹಿಂದೆ ತೆಂಗಿನ ತೋಟದ ಹಸಿರು, ಮುಂದೆ ಕಪ್ಪು ಬಿಳಿ ಪಟ್ಟೆ. ತಪ್ಪಿ ಹೋಗುವ ಮಾತೇ ಇಲ್ಲ. ಆ ಕಾಲದಲ್ಲಿ ಮಂಗಳೂರಿನ ಹಳೆ ಬಂದರಿನಿಂದ ಹಂಚು, ಕಾಫಿ ಎಲ್ಲ ಹೋಗುತ್ತಿತ್ತು. ದಡದ ಉದ್ದಕ್ಕೆ ಮಂಜಿಗಳು ಹಾಯಿ ಬಿಚ್ಚಿ ಓಡಾಡುತ್ತಿದ್ದವು. ಕಾಪುವಿನ ಎದುರು ನೀರಿನಲ್ಲಿ ಪಾದೆಗಳಿವೆ. ರಾತ್ರಿ ಅದರ ಹತ್ತಿರ ಬಂದರೆ ಕಥೆ ಮುಗಿದ ಹಾಗೇ.

ಕರೆಂಟ್ ಇಲ್ಲದಾಗ ಏನು ಅಂದರೆ, ಅಂಥ ಲೈಟ್‌ಹೌಸ್‌ಗಳಲ್ಲಿ ಸೀಮೆಎಣ್ಣೆ. ಬತ್ತಿಯ ಬುಡ್ಡಿ ದೀಪ ಅಲ್ಲ. ಎಣ್ಣೆಯನ್ನು ಕಾಯಿಸಿ ಆವಿ ಮಾಡಿ, ಆ ಆವಿಯನ್ನು ಮ್ಯಾಂಟಲ್, ಅಂದರೆ ಬಿಸಿಗೆ ಬೆಳ್ಳಗೆ ಬೆಳಗುವ ಬಲೆಯಂಥ ಚೀಲದ ಒಳಗೆ ಉರಿಸುವುದು. ಮೊದಲು ಯಕ್ಷಗಾನದ ರಂಗಸ್ಥಳಕ್ಕೆ, ಮದುವೆ ದಿಬ್ಬಣಕ್ಕೆ ಗ್ಯಾಸ್‌ಲೈಟ್ ತರುತ್ತಿದ್ದರಲ್ಲ, ಅದೇ ತತ್ತ್ವ. ಅತ್ತೆಯವರನ್ನು ಕೇಳಿ, ಅದರ ಬುಸ್ ಅನ್ನುವ ಸದ್ದು ಅವರಿಗೆ ನೆನಪಿರುತ್ತದೆ. ಲೈಟ್‌ಹೌಸಿನದ್ದು ಗಾತ್ರದಲ್ಲಿ ದೊಡ್ಡದು, ಅಷ್ಟೇ.

ಆದರೆ ಬರೀ ಗ್ಯಾಸ್‌ಲೈಟ್ ಹತ್ತಾರು ಮೈಲಿ ಕಾಣಬೇಕಾದರೆ ಹೇಗೆ? ಅಲ್ಲಿ ಗಾಜಿನ ಕೆಲಸ ಬರುತ್ತದೆ. ದೀಪದ ಬೆಳಕು ನಾಲ್ಕೂ ಕಡೆ ಚೆಲ್ಲುತ್ತದೆ. ಆಕಾಶಕ್ಕೆ ಹೋದದ್ದು, ನೆಲಕ್ಕೆ ಬಿದ್ದದ್ದು ಎಲ್ಲ ದಂಡ. ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ ಅನ್ನುವ ಎಂಜಿನಿಯರ್ ಇದಕ್ಕೆ ದಾರಿ ಹುಡುಕಿದ. ಒಂದೇ ದಪ್ಪ ಮಸೂರ ಮಾಡಿದರೆ ಭಾರ ಜಾಸ್ತಿ, ಬೆಳಕನ್ನೂ ಅದೇ ನುಂಗುತ್ತದೆ. ಅದರ ಬದಲು ನಡುವೆ ಒಂದು ಮಸೂರ, ಸುತ್ತಲೂ ಬಳೆ ಬಳೆಯಾಗಿ ಗಾಜಿನ ಪಟ್ಟಿಗಳು. ಪ್ರತಿ ಪಟ್ಟಿಯೂ ತನ್ನ ಪಾಲಿನ ಬೆಳಕನ್ನು ಬಗ್ಗಿಸಿ ಒಂದೇ ದಿಕ್ಕಿಗೆ ಕಳಿಸುತ್ತದೆ. 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ಲೈಟ್‌ಹೌಸಿನಲ್ಲಿ ಅದನ್ನು ಮೊದಲು ಕೂರಿಸಿದರು. ಆಮೇಲೆ ಜಗತ್ತಿನ ಎಲ್ಲಾ ಕಡಲಿಗೂ ಅದೇ ಹೋಯಿತು.

ಮಿನುಗು ಬರುವುದು ದೀಪ ಆರಿಸಿ ಹಚ್ಚಿ ಅಲ್ಲ, ಇದನ್ನು ಮಗನಿಗೆ ಒತ್ತಿ ಹೇಳಿ. ಇಂಥ ಹಳೆಯ ಲೈಟ್‌ಹೌಸಿನಲ್ಲಿ ದೀಪ ಒಂದೇ ಸಮನೆ ಉರಿಯುತ್ತದೆ, ಸುತ್ತ ಇರುವ ಗಾಜಿನ ಪಂಜರ ತಿರುಗುತ್ತದೆ. ಬೆಳಕಿನ ಕೋಲು ನಿಮ್ಮ ಕಡೆ ಹಾದಾಗ ಮಿನುಗು, ಉಳಿದ ಹೊತ್ತು ಕತ್ತಲೆ. ಮೋಟಾರ್ ಬರುವ ಮೊದಲು ಅದನ್ನು ತಿರುಗಿಸುತ್ತಿದ್ದದ್ದು ದೊಡ್ಡ ಗಡಿಯಾರದಂಥ ಯಂತ್ರ. ಗೋಪುರದ ನಡುವೆ ಒಂದು ಭಾರ ತೂಗುಬಿಟ್ಟಿರುತ್ತಾರೆ. ಅದು ಮೆಲ್ಲಗೆ ಇಳಿಯುತ್ತಾ ಹಲ್ಲುಚಕ್ರ ತಿರುಗಿಸುತ್ತದೆ. ತಳ ಮುಟ್ಟುವ ಮುಂಚೆ ಕಾವಲಿನವರು ಕೈಯಿಂದ ಸುತ್ತಿ ಮತ್ತೆ ಮೇಲಕ್ಕೆ ತರಬೇಕು. ರಾತ್ರಿಯಿಡೀ ಇದೇ. ಕೆಲವು ಕಡೆ ಆ ಮಣಭಾರದ ಗಾಜನ್ನು ಪಾದರಸದ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದರು. ಆಗ ಒಂದು ಬೆರಳಿನಿಂದ ತಳ್ಳಿದರೂ ತಿರುಗುತ್ತದೆ. ನಿದ್ದೆ ಬಂತು ಅಂತ ಮಲಗುವ ಹಾಗಿಲ್ಲ. ಕಾವಲಿನವನ ನಿದ್ದೆ ಅಂದರೆ ಹಡಗಿನವನಿಗೆ ಸುಳ್ಳು ಲೆಕ್ಕ.

ಎರಡನೆಯ ಪ್ರಶ್ನೆ. ಇದಕ್ಕೆ ಹುಡುಗನೇ ಲೆಕ್ಕ ಹಾಕಬಹುದು. ನೀರಿನ ಮಟ್ಟದಿಂದ ಕಣ್ಣು ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೆದು 3.57ರಿಂದ ಗುಣಿಸಿದರೆ ಕಡಲಿನ ಅಂಚು ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. ಅವನು ನೀರಿನ ಅಂಚಿನಲ್ಲಿ ನಿಂತರೆ ಕಣ್ಣಿನ ಎತ್ತರ ಹೆಚ್ಚುಕಡಿಮೆ ಒಂದು ಮೀಟರ್. ಅಂದರೆ ಮೂರೂವರೆ ಕಿಲೋಮೀಟರ್, ಅಷ್ಟೇ. ಅವನಿಗೆ ಕಾಣುವ ಕಡಲು ಅಷ್ಟು ಚಿಕ್ಕದು! ಮೇಲೆ ಹತ್ತಿ 25 ಮೀಟರ್ ಎತ್ತರದಿಂದ ನೋಡಿದರೆ ಐದು ಗುಣಿಸು 3.57, ಸುಮಾರು 18 ಕಿಲೋಮೀಟರ್. ಹಡಗಿನ ಬ್ರಿಡ್ಜ್ 16 ಮೀಟರ್ ಎತ್ತರದಲ್ಲಿದ್ದರೆ ಅವರದ್ದು 14 ಕಿಲೋಮೀಟರ್. ಎರಡನ್ನೂ ಕೂಡಿಸಿದರೆ 32. ಅಷ್ಟು ದೂರದಿಂದ ಅವರಿಗೆ ನಮ್ಮ ದೀಪ ಕಾಣಬಹುದು, ಹವಾಮಾನ ಚೆನ್ನಾಗಿದ್ದರೆ. ಲೈಟ್‌ಹೌಸನ್ನು ಪಾದೆಯ ಮೇಲೆ, ಗುಡ್ಡದ ಮೇಲೆ ಯಾಕೆ ಕಟ್ಟುತ್ತಾರೆ ಅಂತ ಇನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು, ಜಿಪಿಎಸ್. ಇದನ್ನು ನನ್ನ ಅಳಿಯನೂ ಕೇಳುತ್ತಾನೆ. ಈಗ ಹಡಗು ನಡೆಸುವುದು ಜಿಪಿಎಸ್, ರಾಡಾರ್ ಮೇಲೆಯೇ, ಸುಳ್ಳು ಹೇಳುವುದಿಲ್ಲ. ಆದರೆ ಜಿಪಿಎಸ್ ಸಿಗ್ನಲ್ ಬಹಳ ದುರ್ಬಲ. ಅದನ್ನು ಬೇಕಂತಲೇ ತಡೆಯಲೂಬಹುದು, ತಪ್ಪು ಜಾಗ ತೋರಿಸುವ ಹಾಗೆ ಮೋಸ ಮಾಡಲೂಬಹುದು. ಅದಕ್ಕೇ ದಡದ ಹತ್ತಿರ ಬಂದಾಗ ಒಳ್ಳೆಯ ಆಫೀಸರು ಕಿಟಕಿಯಿಂದ ಹೊರಗೆ ನೋಡಿ ಒಮ್ಮೆ ಖಾತ್ರಿ ಮಾಡಿಕೊಳ್ಳುತ್ತಾರೆ. ಸ್ಕ್ರೀನ್ ಒಂದು ಹೇಳಿ ಲೈಟ್‌ಹೌಸ್ ಇನ್ನೊಂದು ಹೇಳಿದರೆ, ನಾನು ಕಂಡ ಮಟ್ಟಿಗೆ, ಎಲ್ಲರೂ ನಂಬುವುದು ಲೈಟ್‌ಹೌಸನ್ನೇ. ಅದು ಜಾಗ ಬಿಟ್ಟು ಕದಲುವುದಿಲ್ಲವಲ್ಲ. ನಾಡದೋಣಿಯವರಿಗಂತೂ ಕೇಳಲೇಬೇಡಿ. ಫೋನಿನ ಚಾರ್ಜ್ ಮುಗಿದ ಮೇಲೆ ಮನೆಗೆ ದಾರಿ ಅದೇ.

ಒಂದು ಸ್ವಂತದ ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಹಡಗು ನವಮಂಗಳೂರು ಬಂದರಿಗೆ ನಿಲ್ಲದೆ ಕೊಚ್ಚಿಗೆ ಹೋಗುವಾಗ ಕಾಪು ರಾತ್ರಿ ಹೊತ್ತು ಎಡಗಡೆ ಹಾದು ಹೋಗುತ್ತಿತ್ತು. ಆಫೀಸರು ಸ್ಟಾಪ್‌ವಾಚ್ ತೆಗೆಯುವ ಮೊದಲೇ ನಾನು 'ಕಾಪು ಲೈಟ್, ಸರ್' ಅಂದುಬಿಡುತ್ತಿದ್ದೆ. ಅವರಿಗೆ ಸಿಟ್ಟು, ಅಳೆಯದೆ ಹೇಳಬಾರದು ಅಂತ. ಅಳೆದು ನೋಡಿದ ಮೇಲೆ ನಗುತ್ತಿದ್ದರು. ಕೆಲವು ಸಲ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಬರುತ್ತಿತ್ತು. ಡ್ಯೂಟಿ ಮೇಲೆ ಮಾತಾಡುವ ಹಾಗಿಲ್ಲ. ಮನೆಗೆ ಒಂದು ಮಿಸ್ಡ್ ಕಾಲ್ ಕೊಟ್ಟು ಇಡುತ್ತಿದ್ದೆ. ಅಮ್ಮನಿಗೆ ಅಷ್ಟರಲ್ಲೇ ಗೊತ್ತಾಗುತ್ತಿತ್ತು.

ಬುಲೆಟ್_ಬಸಣ್ಣ

ಸರ್, ನಾನು ಸಂಜೆ ಐದಕ್ಕೆ ಹೋಗಿ ಆರಕ್ಕೆ ವಾಪಸ್ ಬಂದವನೇ. ಮಿನುಗು ಎಣಿಸೋ ಕಥೆ ಯಾರೂ ಹೇಳಿರಲಿಲ್ಲ. ಮುಂದಿನ ರೈಡ್‌ನಲ್ಲಿ ನೋಡ್ತೇನೆ. ಆದ್ರೂ ಭಾನುವಾರ ಬೇಡ ಅನ್ನೋದು ನಾನು ಬಿಡಲ್ಲ. ಮಳೆಗಾಲದಲ್ಲಿ ಹೇಗೆ ಸರ್?

ಪಡುಗಾಳಿ_ಕಾಪು

ಭಾನುವಾರ ಬೇಡ ಅನ್ನುವುದಕ್ಕೆ ನನ್ನದೂ ಒಂದು ಓಟು. ಮಳೆಗಾಲದಲ್ಲಿ ಬೇಡ ಬಸಣ್ಣ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಯವರೇ ಕಡಲಿಗಿಳಿಯುವ ಹಾಗಿಲ್ಲ, ಮೀನುಗಾರಿಕೆಗೆ ನಿಷೇಧ. ಅಲೆ ಪಾದೆಯನ್ನೇ ಹಾರುತ್ತದೆ. ದೂರದ ರಸ್ತೆಯಿಂದ ನೋಡಲು ಮಾತ್ರ ಬಲು ಚಂದ.

ಸದಾಶಿವಗಡ_ಸಂಗೀತಾ

ಕಾರವಾರದವಳು ನಾನು. ಎಲ್ಲರೂ ಕಾಪು ಕಾಪು ಅಂತೀರಿ, ನಮ್ಮ ದೇವಗಡ ದ್ವೀಪದ್ದು ಅದಕ್ಕಿಂತ ಹಳೆಯದು, 1864ರದ್ದು. ದೋಣಿಯಲ್ಲೇ ಹೋಗಬೇಕು, ಅನುಮತಿ ಬೇಕು, ಪಕ್ಕದಲ್ಲೇ ನೌಕಾನೆಲೆ ಇರೋದ್ರಿಂದ ಸುಮ್ನೆ ಹೋಗಿ ಇಳಿಯೋ ಹಾಗಿಲ್ಲ. ಹಾಗಾಗಿ ಹುಡುಗನಿಗೆ ಕಾಪುವೇ ಸರಿ. ಆದ್ರೆ ಕಾರವಾರ ಬೀಚಿಗೆ ಬಂದ್ರೆ ರಾತ್ರಿ ದಡದಿಂದಲೇ ನಮ್ಮ ದೀಪ ನೋಡಿ. ಅದರ ಸೆಕೆಂಡನ್ನೂ ನೋಟ್‌ಬುಕ್ಕಿಗೆ ಸೇರಿಸ್ಕೊಳ್ಳಲಿ.

ಹಾಸನದ_ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಪ್ಲ್ಯಾನ್ ಹೀಗೆ ಬದಲಾಯಿಸಿದೆವು: ಸೋಮವಾರ ಬೆಳಿಗ್ಗೆ ಮಾರಿಗುಡಿ, ಮಧ್ಯಾಹ್ನ ಊಟ ಮಾಡಿ ರೆಸ್ಟ್, ನಾಲ್ಕಕ್ಕೆ ಬೀಚು, ಏಳರವರೆಗೂ ಅಲ್ಲೇ. ಉಡುಪಿ ಮಾರನೇ ದಿನ. ಗ್ಯಾಸ್‌ಲೈಟ್ ಅಂದ ಕೂಡಲೇ ಅತ್ತೆ ತಮ್ಮ ಮದುವೆ ಕಥೆ ಶುರು ಮಾಡಿದ್ದಾರೆ, ಇನ್ನೂ ಮುಗಿದಿಲ್ಲ. ಯಜಮಾನರು 3.57 ಎಲ್ಲಿಂದ ಬಂತು ಅಂತ ಕಾಗದದಲ್ಲಿ ವೃತ್ತ ಬರೆದುಕೊಂಡು ಕೂತಿದ್ದಾರೆ. ಒಂದೇ ಕೊನೆಯ ಪ್ರಶ್ನೆ ಅಣ್ಣಾ, ಏಳು ಗಂಟೆಗೆ ಅತ್ತೆಯವರನ್ನು ಕತ್ತಲಲ್ಲಿ ಮರಳಿನಲ್ಲಿ ನಡೆಸಿಕೊಂಡು ಬರೋದು ಕಷ್ಟ ಆಗಲ್ವಾ?

ಪಡುಗಾಳಿ_ಕಾಪು

ಆಗುತ್ತದೆ. ಒಣ ಮರಳಿನಲ್ಲಿ ಮಂಡಿ ನೋವಿನವರು ನಡೆಯಬಾರದು. ಅವರನ್ನು ದೂರ ಕರೆದುಕೊಂಡು ಹೋಗಬೇಡಿ, ಪಾರ್ಕಿಂಗಿನ ಹತ್ತಿರದ ಅಂಗಡಿ ಸಾಲಿನಲ್ಲೇ ಕೂರಿಸಿ. ಮಿನುಗು ಎಣಿಸಲು ಅಪ್ಪ ಮಗ ಇಬ್ಬರೇ ನಡೆದು ಹೋಗಲಿ. ಒಂದು ಟಾರ್ಚ್ ಇರಲಿ, ಆದರೆ ಎಣಿಸುವಾಗ ಆರಿಸಿಟ್ಟುಕೊಳ್ಳಲಿ. ಲೆಕ್ಕ ಇಲ್ಲಿ ಹಾಕಿ, ಸರಿಯೋ ತಪ್ಪೋ ಹೇಳುತ್ತೇನೆ.